ಅಂಗಡಿಯ ಬಾಗಿಲು, ಮನೆಯ ಬಾಗಿಲು, ಕೈಯಲ್ಲಿರುವ ಫೋನು

ಹಿಂದಿನ ವ್ಯಾಪಾರಿಗೆ ಎರಡು ಬಾಗಿಲುಗಳಿದ್ದವು. ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆಯುತ್ತಿದ್ದ. ರಾತ್ರಿ ಅದಕ್ಕೆ ಬೀಗ ಹಾಕಿ ಮನೆಯ ಬಾಗಿಲು ತಟ್ಟುತ್ತಿದ್ದ. ಎರಡರ ನಡುವೆ ಸ್ವಲ್ಪ ದಾರಿಯಿತ್ತು. ಆ ದಾರಿ ಮುಗಿಯುವಷ್ಟರಲ್ಲಿ ಗಿರಾಕಿ, ಸಾಲಗಾರ, ಸರಕು ಎಲ್ಲವೂ ಹಿಂದೆ ಉಳಿದು ಅವನು ಮಕ್ಕಳ ತಂದೆಯಾಗಿ ಹೊಸ್ತಿಲು ದಾಟುತ್ತಿದ್ದ.

ಇಂದು ಆ ದಾರಿ ಇಲ್ಲ. ಅಂಗಡಿ ಅಂಗಿಯ ಜೇಬಿನಲ್ಲಿ ಕುಳಿತು ಮನೆಗೆ ಬರುತ್ತದೆ. ಗಿರಾಕಿಯ ಬೇಡಿಕೆ ವಾಟ್ಸ್ಆ್ಯಪ್‌ನಲ್ಲಿ ಬರುತ್ತದೆ. ಸಗಟು ವ್ಯಾಪಾರಿ ನಾಳೆಯ ದರವನ್ನು ರಾತ್ರಿ ಹನ್ನೊಂದಕ್ಕೆ ಕಳುಹಿಸುತ್ತಾನೆ. ಹಣ ಬಂತೋ ಇಲ್ಲವೋ ಎಂದು ನೋಡಲು ಅದೇ ಫೋನು ಬೇಕು. ಮಗುವಿನ ಶಾಲೆಯ ಗುಂಪು, ಮನೆಗೆಲಸದ ಪಾಠ, ಅತ್ತಾಗ ಸುಮ್ಮನಿರಿಸುವ ಕಾರ್ಟೂನು ಕೂಡ ಅದರಲ್ಲೇ ಇವೆ. ಒಂದು ಫೋನಿಗೆ ಇಷ್ಟು ಒಡೆಯರು. ಅದು ಯಾರ ಕೈಯಲ್ಲಿ ಯಾವಾಗ ಇರಬೇಕೆಂಬುದನ್ನು ಮಾತ್ರ ಹೆಚ್ಚಿನ ಮನೆಗಳಲ್ಲಿ ಯಾರೂ ನಿರ್ಧರಿಸಿಲ್ಲ.

ಓದುಗ ಸಹೋದರ ಸಹೋದರಿಯರೇ, ಫೋನು ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆ ನಮಗೆ ಬೇಡ. ಕತ್ತಿ ಒಳ್ಳೆಯದೋ ಕೆಟ್ಟದ್ದೋ ಎಂದು ಅಡುಗೆಮನೆಯಲ್ಲಿ ಯಾರೂ ಚರ್ಚಿಸುವುದಿಲ್ಲ. ಅದನ್ನು ಎಲ್ಲಿಡಬೇಕು, ಮಗುವಿನ ಕೈಗೆ ಯಾವಾಗ ಕೊಡಬೇಕು ಎಂದು ಮಾತ್ರ ಯೋಚಿಸುತ್ತಾರೆ. ಸಣ್ಣ ವ್ಯಾಪಾರ ನಡೆಸುವ ತಂದೆತಾಯಿಗೆ ಫೋನು ಬಿಡಲಾಗದ ಸಾಧನ. ಹಾಗಾದರೆ ಕೇಳಬೇಕಾದ ಪ್ರಶ್ನೆ ಒಂದೇ: ಎರಡು ಬಾಗಿಲುಗಳನ್ನು ಒಂದು ಮಾಡಿದ ಈ ಸಾಧನಕ್ಕೆ ಮತ್ತೆ ಒಂದು ಹೊಸ್ತಿಲು ಕಟ್ಟುವುದು ಹೇಗೆ?

ಅನುಮತಿಯ ಪಾಠ

ಪವಿತ್ರ ಕುರ್‌ಆನಿನ ಅನ್ನೂರ್ ಅಧ್ಯಾಯದಲ್ಲಿ ಬಾಗಿಲಿನ ಶಿಷ್ಟಾಚಾರವನ್ನು ವಿವರವಾಗಿ ಕಲಿಸಲಾಗಿದೆ. ಪರರ ಮನೆಗೆ ಅನುಮತಿ ಕೇಳದೆ, ಮನೆಯವರಿಗೆ ಸಲಾಮ್ ಹೇಳದೆ ಪ್ರವೇಶಿಸಬಾರದು. ಮರಳಿ ಹೋಗಿ ಎಂದು ಹೇಳಿದರೆ ಮರಳಬೇಕು, ಅದೇ ಹೆಚ್ಚು ಪರಿಶುದ್ಧವಾದುದು ಎಂಬುದು 27 ಮತ್ತು 28ನೇ ಸೂಕ್ತಗಳ ಆಶಯ. ಮೂರು ಬಾರಿ ಅನುಮತಿ ಕೇಳಿದ ಬಳಿಕವೂ ಉತ್ತರ ಬಾರದಿದ್ದರೆ ಹಿಂದಿರುಗಬೇಕೆಂದು ಪ್ರವಾದಿ ಮುಹಮ್ಮದ್(ಸ) ಕಲಿಸಿದ್ದಾರೆ. ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿ ಅಬೂಮೂಸಾ ಅಲ್‌ಅಶ್ಅರೀ(ರ)ಯವರ ಪ್ರಸಂಗ ಬರುತ್ತದೆ. ಅವರು ಖಲೀಫ ಉಮರ್(ರ)ರ ಬಾಗಿಲಲ್ಲಿ ಮೂರು ಬಾರಿ ಅನುಮತಿ ಕೇಳಿ, ಉತ್ತರ ಸಿಗದೆ ಮರಳಿದರು. ಏಕೆ ಮರಳಿದಿರಿ ಎಂದು ಖಲೀಫರು ವಿಚಾರಿಸಿದಾಗ ಈ ಪ್ರವಾದಿ ಬೋಧನೆಯನ್ನು ಮುಂದಿಟ್ಟರು. ಉಮರ್(ರ) ಅದಕ್ಕೆ ಸಾಕ್ಷಿ ಕೇಳಿದರು, ಸಾಕ್ಷಿಯೂ ದೊರೆಯಿತು.

ಫೋನಿನ ಕರೆ ಎಂದರೆ ಬಾಗಿಲು ತಟ್ಟುವುದೇ ಅಲ್ಲವೇ? ತಟ್ಟುವವನಿಗೆ ಒಂದು ಶಿಷ್ಟಾಚಾರವಿದೆ: ಮೂರು ಬಾರಿಗಿಂತ ಹೆಚ್ಚು ಪೀಡಿಸಬಾರದು. ಒಳಗಿರುವವನಿಗೆ ಒಂದು ಹಕ್ಕಿದೆ: ಈಗ ಸಾಧ್ಯವಿಲ್ಲ ಎನ್ನಬಹುದು. ಖಲೀಫರ ಬಾಗಿಲಿನಿಂದ ಒಬ್ಬ ಸಹಾಬಿ ಬೇಸರಪಡದೆ ಮರಳಬಹುದಾದರೆ, ಒಂದು ಕಿಲೋ ಸಕ್ಕರೆಯ ದರ ಕೇಳುವ ಗಿರಾಕಿ ಅರ್ಧ ಗಂಟೆ ಕಾಯುವುದರಲ್ಲಿ ಅವಮಾನವೇನಿದೆ? ನಾವು ಬಾಕಿ ಕೇಳಲು ಇತರರಿಗೆ ಕರೆ ಮಾಡುವಾಗಲೂ ಇದೇ ನಿಯಮ ಅನ್ವಯಿಸುತ್ತದೆ. ಬಾಕಿದಾರನ ಮನೆಯಲ್ಲಿ ಊಟದ ಹೊತ್ತಿಗೆ ಹತ್ತು ಸಲ ಗಂಟೆ ಬಾರಿಸುವುದು ಅವನ ಹೆಂಡತಿ ಮಕ್ಕಳ ನೆಮ್ಮದಿಯನ್ನೂ ಕದಡುತ್ತದೆ.

ಅದೇ ಅಧ್ಯಾಯದ 58ನೇ ಸೂಕ್ತ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ದಿನದ ಮೂರು ಹೊತ್ತುಗಳಲ್ಲಿ ಮನೆಯೊಳಗಿನ ಸೇವಕರು ಮತ್ತು ಪ್ರಾಯಕ್ಕೆ ಬಾರದ ಮಕ್ಕಳು ಸಹ ಅನುಮತಿ ಕೇಳಿ ಕೋಣೆಗೆ ಬರಬೇಕೆಂದು ಅದು ಆಜ್ಞಾಪಿಸುತ್ತದೆ. ಫಜ್ರ್ ನಮಾಝಿಗೆ ಮುಂಚೆ, ಮಧ್ಯಾಹ್ನ ವಿಶ್ರಾಂತಿಯ ವೇಳೆ, ಇಶಾ ನಮಾಝಿನ ನಂತರ. ಮನುಷ್ಯನಿಗೆ ಯಾರೂ ನುಗ್ಗಬಾರದ ಕೆಲವು ಗಳಿಗೆಗಳು ಬೇಕು ಎಂಬ ತತ್ವ ಇದರಲ್ಲಿದೆ. ಸ್ವಂತ ಮಗು ಸಹ ಕೇಳಿ ಬರಬೇಕಾದ ಹೊತ್ತಿನಲ್ಲಿ, ಮುಖ ನೋಡಿರದ ಗಿರಾಕಿಯೊಬ್ಬ ಕೇಳದೆ ನಮ್ಮ ಕೋಣೆಯೊಳಗೆ ಬರುತ್ತಿದ್ದಾನೆ. ಅವನನ್ನು ಕರೆತಂದವರು ನಾವೇ.

ಇಬಾದತ್ತಿಗೂ ಇಲ್ಲದ ಸಲುಗೆ

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ದುಡಿಯುವುದು ಮಕ್ಕಳಿಗಾಗಿಯೇ ಅಲ್ಲವೇ? ಹಲಾಲ್ ಸಂಪಾದನೆಯೂ ಪುಣ್ಯಕಾರ್ಯವಲ್ಲವೇ? ನಿಜ. ಅದನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಸಲ್ಮಾನ್ ಅಲ್‌ಫಾರಿಸಿ(ರ) ಮತ್ತು ಅಬುದ್ದರ್ದಾಅ್(ರ)ರ ಪ್ರಸಂಗವನ್ನು ನೆನಪಿಸಿಕೊಳ್ಳಿ. ಮದೀನಾದಲ್ಲಿ ಪ್ರವಾದಿಯವರು(ಸ) ಇವರಿಬ್ಬರನ್ನು ಸಹೋದರರನ್ನಾಗಿ ಮಾಡಿದ್ದರು. ಒಮ್ಮೆ ಸಲ್ಮಾನ್(ರ) ಗೆಳೆಯನ ಮನೆಗೆ ಹೋದಾಗ ಗೃಹಿಣಿ ಉಪೇಕ್ಷಿತಳಾಗಿರುವುದನ್ನು ಕಂಡರು. ಅಬುದ್ದರ್ದಾಅ್(ರ) ಹಗಲು ಉಪವಾಸ, ರಾತ್ರಿ ನಮಾಝ್ ಎಂದು ಕಳೆಯುತ್ತಿದ್ದರು. ಸಲ್ಮಾನ್(ರ) ಅವರಿಗೆ ಉಣ್ಣಿಸಿದರು, ರಾತ್ರಿ ಮಲಗಿಸಿದರು, ಕೊನೆಯ ಜಾವದಲ್ಲಿ ಎಬ್ಬಿಸಿ ಜೊತೆಯಲ್ಲಿ ನಮಾಝ್ ಮಾಡಿದರು. ಒಡೆಯನಿಗೆ ನಿಮ್ಮ ಮೇಲೆ ಹಕ್ಕಿದೆ, ನಿಮ್ಮ ಶರೀರಕ್ಕೆ ಹಕ್ಕಿದೆ, ಮನೆಯವರಿಗೂ ಹಕ್ಕಿದೆ, ಪ್ರತಿಯೊಬ್ಬರಿಗೂ ಅವರವರ ಹಕ್ಕನ್ನು ಸಲ್ಲಿಸಿ ಎಂದು ತಿಳಿಹೇಳಿದರು. ವಿಷಯ ಪ್ರವಾದಿಯವರಿಗೆ(ಸ) ತಲುಪಿದಾಗ ಸಲ್ಮಾನ್ ಹೇಳಿದ್ದು ಸತ್ಯ ಎಂದು ಅವರು ಅನುಮೋದಿಸಿದರು. ಬುಖಾರಿಯಲ್ಲಿ ಈ ವರದಿಯಿದೆ.

ಯೋಚಿಸಿ ನೋಡಿ. ಮನೆಯವರ ಹಕ್ಕನ್ನು ನುಂಗಲು ಐಚ್ಛಿಕ ಇಬಾದತ್ತಿಗೂ ಸಲುಗೆ ಸಿಗಲಿಲ್ಲ. ಹಾಗಿರುವಾಗ ಅಂಗಡಿಗೆ ಆ ಸಲುಗೆ ಹೇಗೆ ಸಿಕ್ಕೀತು? ಮಗುವಿಗೆ ಅನ್ನ ಬಟ್ಟೆಯಷ್ಟೇ ಹಕ್ಕಲ್ಲ. ತಂದೆತಾಯಿಯ ಮುಖವೂ ಅದರ ಹಕ್ಕು.

ನಸಾಈ ಗ್ರಂಥದಲ್ಲಿ ಇಬ್ನು ಅಬ್ಬಾಸ್(ರ)ರಿಂದ ಬಂದ ಒಂದು ಪುಟ್ಟ ವರದಿಯಿದೆ. ಪ್ರವಾದಿಯವರು(ಸ) ಒಂದು ಉಂಗುರ ಧರಿಸಿದ್ದರು. ಅದು ಅಂದು ತಮ್ಮ ಗಮನವನ್ನು ಸಂಗಾತಿಗಳಿಂದ ಬೇರೆಡೆಗೆ ಸೆಳೆಯಿತು, ಒಂದು ನೋಟ ಅದರತ್ತ, ಒಂದು ನೋಟ ನಿಮ್ಮತ್ತ ಎಂಬಂತಾಯಿತು ಎಂದು ಹೇಳಿ ಅದನ್ನು ತೆಗೆದುಹಾಕಿದರು. ಎದುರಿಗೆ ಕುಳಿತವರಿಗೆ ಅರ್ಧ ನೋಟ ಕೊಡುವುದು ಅವರಿಗೆ ಒಪ್ಪಿಗೆಯಾಗಲಿಲ್ಲ. ಮಗು ಶಾಲೆಯ ಸುದ್ದಿ ಹೇಳುತ್ತಿರುವಾಗ ನಾವು ಎಷ್ಟು ನೋಟ ಅತ್ತ ಕೊಡುತ್ತೇವೆ, ಎಷ್ಟು ನೋಟ ಇತ್ತ? ಹೂಂ ಎನ್ನುತ್ತೇವೆ, ಮಗು ಏನು ಹೇಳಿತೆಂದು ಕೇಳಿದರೆ ಗೊತ್ತಿರುವುದಿಲ್ಲ. ಮಗುವಿಗೆ ಮಾತ್ರ ಅದು ಗೊತ್ತಾಗುತ್ತದೆ. ಕ್ರಮೇಣ ಅದು ಹೇಳುವುದನ್ನೇ ನಿಲ್ಲಿಸುತ್ತದೆ. ಹದಿನೈದರ ವಯಸ್ಸಿನಲ್ಲಿ ನನ್ನ ಮಗ ನನ್ನೊಡನೆ ಏನನ್ನೂ ಹೇಳುವುದಿಲ್ಲ ಎಂದು ಕೊರಗುವ ತಂದೆ, ಮಗನ ಐದನೇ ವರ್ಷದಿಂದ ಲೆಕ್ಕ ಹಾಕಬೇಕು.

ಹೊಸ್ತಿಲು ಕಟ್ಟುವ ಬಗೆ

ಉಪದೇಶ ಸಾಕು, ಮಾಡುವುದು ಹೇಗೆ ಎಂದು ಕೇಳುವಿರಾದರೆ, ಸಾಧನದಲ್ಲೇ ಅದಕ್ಕೆ ಅನುಕೂಲವಿದೆ. 2018ರಿಂದ ವಾಟ್ಸ್ಆ್ಯಪ್ ಬಿಸಿನೆಸ್ ಎಂಬ ಪ್ರತ್ಯೇಕ ಆ್ಯಪ್ ಉಚಿತವಾಗಿ ದೊರೆಯುತ್ತಿದೆ. ಎರಡು ಸಿಮ್ ಹಾಕುವ ಫೋನಿನಲ್ಲಿ ಒಂದು ಸಂಖ್ಯೆಯನ್ನು ಅಂಗಡಿಗೆ, ಇನ್ನೊಂದನ್ನು ಮನೆಗೆ ಮೀಸಲಿಡಬಹುದು. ಬಿಸಿನೆಸ್ ಆ್ಯಪ್‌ನಲ್ಲಿ ಅಂಗಡಿಯ ವೇಳೆಯನ್ನು ನಮೂದಿಸಬಹುದು. ಆ ವೇಳೆಯ ಹೊರಗೆ ಬರುವ ಸಂದೇಶಗಳಿಗೆ, ಅಂಗಡಿ ಮುಚ್ಚಿದೆ, ನಾಳೆ ಬೆಳಿಗ್ಗೆ 9ಕ್ಕೆ ಉತ್ತರಿಸುತ್ತೇವೆ ಎಂಬ ಉತ್ತರ ತಾನಾಗಿಯೇ ಹೋಗುವಂತೆ ಮಾಡಬಹುದು. ಗಿರಾಕಿಗೆ ಉತ್ತರ ಸಿಕ್ಕಿತು, ನಿಮ್ಮ ಊಟವೂ ತಣ್ಣಗಾಗಲಿಲ್ಲ. ಸರಕುಗಳ ಚಿತ್ರ ಮತ್ತು ದರವನ್ನು ಅದರಲ್ಲೇ ಪಟ್ಟಿಮಾಡಿಟ್ಟರೆ ಒಂದೇ ಪ್ರಶ್ನೆಗೆ ದಿನಕ್ಕೆ ಇಪ್ಪತ್ತು ಸಲ ಉತ್ತರಿಸುವ ತಾಪತ್ರಯವೂ ತಪ್ಪುತ್ತದೆ.

ಗಿರಾಕಿ ಬೇರೆ ಅಂಗಡಿಗೆ ಹೋದರೆ ಎಂಬ ಭಯ ಸಹಜ. ಸಣ್ಣ ವ್ಯಾಪಾರದಲ್ಲಿ ಒಬ್ಬ ಗಿರಾಕಿಯ ನಷ್ಟವೂ ನಷ್ಟವೇ. ಆದರೆ ನಿಶ್ಚಿತ ವೇಳೆಯಿರುವ ಅಂಗಡಿಯನ್ನು ಜನ ನಂಬುತ್ತಾರೆ. ಷಟರ್ ಎಳೆದ ಅಂಗಡಿಯ ಮುಂದೆ ನಿಂತು ರಾತ್ರಿ ಹನ್ನೆರಡಕ್ಕೆ ಯಾರೂ ಜಗಳ ಮಾಡುವುದಿಲ್ಲ. ಸಂದೇಶಕ್ಕೂ ಒಂದು ಷಟರ್ ಇದೆಯೆಂದು ತಿಳಿದರೆ ಅವರು ಹೊಂದಿಕೊಳ್ಳುತ್ತಾರೆ. ಅಲ್‌ಜುಮುಅ ಅಧ್ಯಾಯದ 9 ಮತ್ತು 10ನೇ ಸೂಕ್ತಗಳು ಇದನ್ನೇ ಕಲಿಸುತ್ತವೆ. ಶುಕ್ರವಾರದ ಕರೆ ಕೇಳಿದಾಗ ವ್ಯಾಪಾರ ಬಿಟ್ಟು ಬನ್ನಿ, ನಮಾಝ್ ಮುಗಿದ ಮೇಲೆ ಭೂಮಿಯಲ್ಲಿ ಹರಡಿ ಅಲ್ಲಾಹನ ಅನುಗ್ರಹವನ್ನು ಅರಸಿ ಎಂಬುದು ಅವುಗಳ ಸಾರ. ಇಸ್ಲಾಮ್ ವ್ಯಾಪಾರವನ್ನು ಬಿಡಿಸಲಿಲ್ಲ, ಅದಕ್ಕೆ ಹೊತ್ತು ಗೊತ್ತು ಮಾಡಿತು.

ಎಲ್ಲರ ಹೊತ್ತೂ ಒಂದೇ ಆಗಿರಬೇಕಾಗಿಲ್ಲ. ದಕ್ಕೆಯಿಂದ ಮೀನು ತರುವವನಿಗೆ ಫೋನು ಬೆಳಗಿನ ಜಾವಕ್ಕೇ ಬೇಕು. ಔಷಧ ಅಂಗಡಿಯವನಿಗೆ ಅಪರಾತ್ರಿಯ ಕರೆಯನ್ನು ನಿರ್ಲಕ್ಷಿಸಲಾಗದು. ಆಟೋ ಓಡಿಸುವವನ ದಿನಚರಿ ಬೇರೆ. ನಿಮ್ಮ ಕಸುಬಿಗೆ ತಕ್ಕಂತೆ ನೀವೇ ಮೂರು ಹೊತ್ತುಗಳನ್ನು ಆರಿಸಿಕೊಳ್ಳಿ. ಆರಿಸಿದ ಮೇಲೆ ಮಕ್ಕಳಿಗೆ ತಿಳಿಸಿ. ಈ ಹೊತ್ತಿನಲ್ಲಿ ಫೋನು ಕಪಾಟಿನ ಮೇಲಿರುತ್ತದೆ ಎಂದು ಮಗುವಿಗೆ ಗೊತ್ತಿದ್ದರೆ ಅದು ಉಳಿದ ಹೊತ್ತಿನಲ್ಲಿ ಪೀಡಿಸುವುದು ತಾನಾಗಿಯೇ ಕಡಿಮೆಯಾಗುತ್ತದೆ.

ಮನೆಯೇ ಅಂಗಡಿಯಾದಾಗ

ಸಹೋದರಿಯರ ಕಷ್ಟ ಇನ್ನೂ ಹೆಚ್ಚಿನದು. ಹೊಲಿಗೆ, ಕೇಕು, ತಿಂಡಿ, ಉಪ್ಪಿನಕಾಯಿ, ಬಟ್ಟೆ ವ್ಯಾಪಾರ ಎಂದು ಮನೆಯೊಳಗಿಂದಲೇ ದುಡಿದು ಸಂಸಾರಕ್ಕೆ ಆಸರೆಯಾದ ತಾಯಂದಿರು ನಮ್ಮಲ್ಲಿ ಅನೇಕರಿದ್ದಾರೆ. ಸ್ವತಃ ಖದೀಜಾ(ರ) ವ್ಯಾಪಾರ ನಡೆಸಿದ ಮಹಿಳೆಯಾಗಿದ್ದರು. ಆದರೆ ಮನೆಯ ಅಂಗಡಿಗೆ ಷಟರೇ ಇಲ್ಲ. ಒಲೆಯ ಮೇಲೆ ಸಾರು, ಮಡಿಲಲ್ಲಿ ಮಗು, ಕಿವಿಯಲ್ಲಿ ಗಿರಾಕಿ. ಇಂತಹ ಮನೆಯಲ್ಲಿ ಹೊಸ್ತಿಲನ್ನು ಹೆಚ್ಚು ಎಚ್ಚರದಿಂದ ಕಟ್ಟಬೇಕು, ಮತ್ತು ಅದನ್ನು ಕಟ್ಟುವ ಹೊಣೆ ತಾಯಿಯೊಬ್ಬಳದ್ದಲ್ಲ. ಸಂಜೆ ಎರಡು ಗಂಟೆ ಅವಳು ಗಿರಾಕಿಗಳಿಗೆ ಉತ್ತರಿಸುವಾಗ ಮಗುವನ್ನು ಗಂಡ ನೋಡಿಕೊಳ್ಳಬೇಕು. ಅವಳ ದುಡಿಮೆಯ ಫಲ ಎಲ್ಲರಿಗೂ ಬೇಕು, ಅವಳ ದುಡಿಮೆಯ ಹೊತ್ತು ಮಾತ್ರ ಯಾರಿಗೂ ಬೇಡ ಎಂಬುದು ನ್ಯಾಯವಲ್ಲ.

ಇಂತಹ ಫೋನಿನಲ್ಲಿ ಇನ್ನೊಂದು ಅಮಾನತ್ತಿದೆ. ಹೊಲಿಗೆಗೆ ಬಂದ ಹೆಂಗಸರ ಅಳತೆ, ಚಿತ್ರ, ಮನೆಯ ವಿಳಾಸ, ಬಾಕಿ ಕೊಡಲಾಗದೆ ಅವಕಾಶ ಕೇಳಿದವಳ ಧ್ವನಿ ಸಂದೇಶ. ಒಬ್ಬನು ಸುತ್ತಮುತ್ತ ತಿರುಗಿ ನೋಡಿ ಹೇಳಿದ ಮಾತು ಅಮಾನತ್ ಎಂದು ಪ್ರವಾದಿಯವರು(ಸ) ತಿಳಿಸಿದ್ದಾರೆ (ಅಬೂದಾವೂದ್, ತಿರ್ಮಿದಿ). ಆ ಫೋನನ್ನು ಬೀಗವಿಲ್ಲದೆ ಮಗುವಿನ ಕೈಗೆ ಕೊಟ್ಟರೆ, ಒಂದು ಬೆರಳಿನ ಒತ್ತಿಗೆ ಆ ಚಿತ್ರ ಇನ್ನಾವುದೋ ಗುಂಪಿಗೆ ಹೋಗಬಹುದು. ಮಗುವಿನ ತಪ್ಪಲ್ಲ ನಿಜ. ಅಮಾನತ್ ಪಡೆದವಳ ಹೊಣೆ ತಪ್ಪುವುದಿಲ್ಲ.

ಮಗುವಿನ ಕೈಯಲ್ಲಿ ಅಂಗಡಿಯ ಫೋನು

ಗಿರಾಕಿಗಳ ನೂಕುನುಗ್ಗಲಿನಲ್ಲಿ ಮಗು ಅಳುತ್ತದೆ. ಫೋನು ಕೊಟ್ಟರೆ ಸುಮ್ಮನಾಗುತ್ತದೆ. ಇದು ಸೋಮಾರಿತನವಲ್ಲ, ಅನಿವಾರ್ಯತೆ. ಆದರೂ ಅದಕ್ಕೆ ಮಿತಿ ಬೇಕು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಎರಡು ವರ್ಷ ತುಂಬದ ಮಕ್ಕಳನ್ನು ಪರದೆಯ ಮುಂದೆ ಕೂರಿಸಲೇಬಾರದು. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಕೂಡದು, ಅದಕ್ಕೂ ಕಡಿಮೆಯಾದರೆ ಒಳ್ಳೆಯದು. ಬೆಳಗಿನ ಮದ್ರಸಕ್ಕೆ ನಿದ್ದೆಗಣ್ಣಿನಲ್ಲಿ ಬಂದು ಕುರ್‌ಆನಿನ ಪುಟದ ಮೇಲೆ ತೂಕಡಿಸುವ ಮಕ್ಕಳನ್ನು ಕಾಣುವ ನಮ್ಮಂತಹ ಅಧ್ಯಾಪಕರಿಗೆ, ಹಿಂದಿನ ರಾತ್ರಿ ಅವರ ಕೈಯಲ್ಲಿ ಏನಿತ್ತೆಂದು ಕೇಳಬೇಕಾದ ಅಗತ್ಯವೇ ಬೀಳುವುದಿಲ್ಲ.

ಹೆಚ್ಚಿನ ಆಂಡ್ರಾಯ್ಡ್ ಫೋನುಗಳಲ್ಲಿ ಪಿನ್ನಿಂಗ್ ಎಂಬ ಸೌಲಭ್ಯವಿದೆ. ಸೆಟ್ಟಿಂಗ್ಸ್‌ನ ಸುರಕ್ಷೆ ವಿಭಾಗದಲ್ಲಿ ಅದನ್ನು ತೆರೆದಿಟ್ಟರೆ, ಮಗುವಿಗೆ ಕೊಡುವಾಗ ಒಂದೇ ಆ್ಯಪನ್ನು ಪರದೆಗೆ ಕಟ್ಟಿಹಾಕಬಹುದು. ಬೀಗದ ಸಂಖ್ಯೆಯನ್ನೂ ಅದಕ್ಕೆ ಜೋಡಿಸಿದರೆ ಮಗು ಅದರಿಂದ ಹೊರಬಂದು ಹಣದ ಆ್ಯಪ್ ಅಥವಾ ಗಿರಾಕಿಗಳ ಸಂದೇಶ ತೆರೆಯಲಾರದು. ಮಗುವಿಗೆ ಪ್ರತ್ಯೇಕ ಫೋನು ಕೊಡುವ ಅನುಕೂಲವಿದ್ದರೆ ಗೂಗಲ್‌ನ ಫ್ಯಾಮಿಲಿ ಲಿಂಕ್ ಮೂಲಕ ವೇಳೆಯ ಮಿತಿ ಹಾಕಬಹುದು. ಆದರೆ ಯಾವ ಬೀಗವೂ ಹೆತ್ತವರ ಕಣ್ಣಿಗೆ ಬದಲಿಯಲ್ಲ. ಹತ್ತು ವರ್ಷದ ಮಗುವಿಗೆ ಬೀಗದ ಸಂಖ್ಯೆ ತಿಳಿದುಕೊಳ್ಳಲು ಎರಡು ದಿನ ಸಾಕು.

ಮಕ್ಕಳಲ್ಲಿ ದೊಡ್ಡವರಾದವರು ಅಂಗಡಿಯಲ್ಲಿ ಸಹಾಯಕ್ಕೆ ನಿಲ್ಲುತ್ತಾರೆ. ಅದು ಒಳ್ಳೆಯ ಶಿಕ್ಷಣ. ಅವರಿಗೆ ಹಣದ ವಿಷಯದಲ್ಲಿ ಈ ಕೆಲವು ಮಾತುಗಳನ್ನು ಬಾಯಿಪಾಠ ಮಾಡಿಸಿ. ಯುಪಿಐ ಪಿನ್ ಇರುವುದು ಹಣ ಕೊಡಲಿಕ್ಕೆ. ಹಣ ಪಡೆಯಲು ಪಿನ್ ಒತ್ತಬೇಕಾಗಿಲ್ಲ, ಯಾರದ್ದೋ ಕ್ಯೂಆರ್ ಸಂಕೇತವನ್ನು ಸ್ಕ್ಯಾನ್ ಮಾಡಬೇಕಾಗಿಲ್ಲ. ನಿಮಗೆ ಹಣ ಬರಬೇಕಾದರೆ ಪಿನ್ ಒತ್ತಿ ಎನ್ನುವವನು ಮೋಸಗಾರ. ತಪ್ಪಿ ಹೆಚ್ಚು ಹಣ ಹಾಕಿದ್ದೇನೆ, ಮರಳಿಸಿ ಎಂದು ಅವಸರಪಡಿಸುವ ಕರೆ ಬಂದರೆ, ಬಂದ ಎಸ್ಎಂಎಸ್ ನೋಡಿ ಹಣ ಕಳುಹಿಸಬಾರದು, ಮೊದಲು ಬ್ಯಾಂಕ್ ಖಾತೆಯನ್ನೇ ನೋಡಬೇಕು. ಗಿರಾಕಿ ತೋರಿಸುವ ಪರದೆಯ ಚಿತ್ರ ಹಣವಲ್ಲ, ಸೌಂಡ್ ಬಾಕ್ಸ್ ಮಾತಾಡಬೇಕು ಇಲ್ಲವೇ ಖಾತೆಯಲ್ಲಿ ಕಾಣಬೇಕು. ಬೆಳಿಗ್ಗೆ ಅಂಗಡಿ ತೆರೆದಾಗ ಕ್ಯೂಆರ್ ಫಲಕದ ಮೇಲೆ ಇನ್ನೊಂದು ಚೀಟಿ ಅಂಟಿಸಿಲ್ಲವೆಂದು ನೋಡಬೇಕು. ಯುಪಿಐ ಲೈಟ್ ಇಟ್ಟುಕೊಂಡಿದ್ದರೆ ಸಣ್ಣ ಮೊತ್ತಗಳು ಪಿನ್ ಇಲ್ಲದೆಯೇ ಹೋಗುತ್ತವೆ, ಆದ್ದರಿಂದ ಮಗು ಆಡುವ ಫೋನಿನಲ್ಲಿ ಅದು ಇಲ್ಲದಿರುವುದು ಲೇಸು. ಮೋಸವಾದರೆ ನಾಚಿಕೆಯಿಂದ ಮುಚ್ಚಿಡದೆ ಕೂಡಲೇ 1930 ಸಂಖ್ಯೆಗೆ ಕರೆ ಮಾಡಬೇಕು. ಇದು ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ. ದೂರು ಎಷ್ಟು ಬೇಗ ಹೋದರೆ ಹಣವನ್ನು ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು.

ಈ ಕೊನೆಯ ಮಾತು ಮಕ್ಕಳ ವಿಷಯದಲ್ಲಿ ಬಹು ಮುಖ್ಯ. ಅಬ್ಬ ಹೊಡೆಯುತ್ತಾರೆ ಎಂಬ ಭಯವಿರುವ ಮಗು ಹಣ ಹೋದುದನ್ನು ಮರುದಿನದವರೆಗೆ ಹೇಳುವುದಿಲ್ಲ. ನಿನ್ನಿಂದ ಏನೇ ಆದರೂ ಮೊದಲು ಬಂದು ನನಗೆ ಹೇಳು, ಬಯ್ಯುವುದಿಲ್ಲ ಎಂಬ ಭರವಸೆ ಎಲ್ಲ ಬೀಗಗಳಿಗಿಂತ ದೊಡ್ಡ ರಕ್ಷಣೆ. ಹಣ ಪಣಕ್ಕಿಡುವ ಆಟಗಳ ವಿಷಯವೂ ಹಾಗೆಯೇ. ಅಲ್‌ಮಾಇದ ಅಧ್ಯಾಯದ 90ನೇ ಸೂಕ್ತ ಮದ್ಯದ ಜೊತೆಗೇ ಜೂಜನ್ನೂ ಸೈತಾನನ ಕೃತ್ಯವೆಂದು ನಿಷೇಧಿಸಿದೆ. ಭಾರತದ ಸಂಸತ್ತು ಕೂಡ 2025ರ ಆಗಸ್ಟ್‌ನಲ್ಲಿ ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಮಸೂದೆಯನ್ನು ಅಂಗೀಕರಿಸಿತು. ಆದರೂ ಹೊಸ ಹೊಸ ಹೆಸರಿನ ಆಟಗಳು ಬರುತ್ತಲೇ ಇರುತ್ತವೆ. ಗಲ್ಲಾದ ಹಣಕ್ಕೂ ಮಗನ ಬೆರಳಿಗೂ ನಡುವೆ ಇರುವುದು ಒಂದು ಪಿನ್ ಮಾತ್ರವಾದರೆ ಸಾಲದು, ಅಲ್ಲಾಹನು ನೋಡುತ್ತಿದ್ದಾನೆಂಬ ಅರಿವೂ ಇರಬೇಕು.

ಬರೆದಿಡುವವನು ನೆಮ್ಮದಿಯವನು

ಹೊಸ್ತಿಲು ಬೇಕಾಗಿರುವುದು ಹೊತ್ತಿಗೆ ಮಾತ್ರವಲ್ಲ, ಹಣಕ್ಕೂ. ಕುರ್‌ಆನಿನ ಅತ್ಯಂತ ದೀರ್ಘ ಸೂಕ್ತ ಯಾವುದರ ಬಗ್ಗೆ ಎಂದು ಮಕ್ಕಳನ್ನು ಕೇಳಿ ನೋಡಿ. ನಮಾಝಿನ ಬಗ್ಗೆಯಲ್ಲ, ಹಜ್ಜ್‌ನ ಬಗ್ಗೆಯಲ್ಲ. ಅಲ್‌ಬಕರ ಅಧ್ಯಾಯದ 282ನೇ ಸೂಕ್ತ ಸಾಲದ ವ್ಯವಹಾರವನ್ನು ಬರೆದಿಡುವುದರ ಬಗ್ಗೆ ಇದೆ. ಮೊತ್ತ ಸಣ್ಣದಾಗಿರಲಿ ದೊಡ್ಡದಾಗಿರಲಿ ಅವಧಿಸಹಿತ ಬರೆದಿಡಲು ಬೇಸರಿಸಬಾರದೆಂದು ಅದು ಬೋಧಿಸುತ್ತದೆ.

ಬರೆದಿಡದ ಲೆಕ್ಕ ಏನು ಮಾಡುತ್ತದೆಂಬುದನ್ನು ನಮ್ಮ ರಾಜ್ಯ 2025ರ ಜುಲೈಯಲ್ಲಿ ಕಂಡಿತು. ಯುಪಿಐ ಮೂಲಕ ಬಂದ ಮೊತ್ತವನ್ನು ಆಧರಿಸಿ ವಾಣಿಜ್ಯ ತೆರಿಗೆ ಇಲಾಖೆ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟೀಸು ಕಳುಹಿಸಿತು. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ನೀಡುವವರಿಗೆ 20 ಲಕ್ಷ ರೂಪಾಯಿ ವಹಿವಾಟು ಮೀರಿದರೆ ನೋಂದಣಿ ಕಡ್ಡಾಯ. ಬೆಂಗಳೂರಿನ ಅನೇಕ ಅಂಗಡಿಗಳಲ್ಲಿ ಯುಪಿಐ ಇಲ್ಲ, ನಗದು ಮಾತ್ರ ಎಂಬ ಚೀಟಿಗಳು ಕಾಣಿಸಿಕೊಂಡವು. ನೋಟೀಸು ಅಂತಿಮವಲ್ಲ, ವಿವರಣೆ ಕೊಡಬಹುದು ಎಂದು ಇಲಾಖೆ ಹೇಳಿತು. ಬಳಿಕ ಮುಖ್ಯಮಂತ್ರಿ ಸಿದ್ದರಾಮಯ್ಯನವರು ವ್ಯಾಪಾರಿ ಪ್ರತಿನಿಧಿಗಳೊಡನೆ ಸಭೆ ನಡೆಸಿ, ನೋಂದಾಯಿಸಿಕೊಳ್ಳುವವರಿಂದ ಹಳೆಯ ಬಾಕಿ ವಸೂಲಿ ಮಾಡುವುದಿಲ್ಲವೆಂದು ಘೋಷಿಸಿದರು. ಬಿಡಿ ಹಾಲು, ತಾಜಾ ತರಕಾರಿ, ಹಣ್ಣುಗಳಿಗೆ ತೆರಿಗೆಯೇ ಇಲ್ಲ. ಆದರೆ ಅವುಗಳನ್ನು ಮಾರಿದವನೂ ತಾನು ಮಾರಿದ್ದು ಅದನ್ನೇ ಎಂದು ತೋರಿಸಬೇಕಾಯಿತು.

ಇಲ್ಲಿ ಅನೇಕರ ಇಕ್ಕಟ್ಟು ಯಾವುದಾಗಿತ್ತು? ಒಂದೇ ಖಾತೆಗೆ ಅಂಗಡಿಯ ಹಣವೂ ಬಂದಿತ್ತು, ಗಲ್ಫಿನಿಂದ ತಮ್ಮ ಕಳುಹಿಸಿದಂತಹ ಹಣವೂ ಬಂದಿತ್ತು, ಗೆಳೆಯ ಮರಳಿಸಿದ ಕೈಸಾಲವೂ ಬಂದಿತ್ತು. ಎಲ್ಲವೂ ಒಟ್ಟಾಗಿ ವಹಿವಾಟಿನಂತೆ ಕಾಣುತ್ತದೆ. ಯಾವುದು ಯಾವುದೆಂದು ಬರೆದಿಟ್ಟವನು ಉತ್ತರಿಸಬಲ್ಲ, ಬರೆದಿಡದವನು ನಿದ್ದೆಗೆಡುತ್ತಾನೆ. ಆದ್ದರಿಂದ ಅಂಗಡಿಗೆ ಒಂದು ಖಾತೆ, ಮನೆಗೆ ಒಂದು ಖಾತೆ ಇರಲಿ. ಅಂಗಡಿಯ ಕ್ಯೂಆರ್ ಅಂಗಡಿಯ ಖಾತೆಗೇ ಸೇರಲಿ. ಪ್ರತಿ ರಾತ್ರಿ ಹತ್ತು ನಿಮಿಷ ಪುಸ್ತಕದಲ್ಲಿ ಅಂದಿನ ಮಾರಾಟ, ಖರೀದಿ, ಉದ್ರಿ ಬರೆಯಿರಿ. ಫೋನು ಕಳೆದುಹೋಗಬಹುದು, ನೀರಿಗೆ ಬೀಳಬಹುದು. ಕಾಗದದ ಪುಸ್ತಕವನ್ನು ಪೂರ್ತಿ ಬಿಡಬೇಡಿ. ಝಕಾತ್ ಲೆಕ್ಕ ಹಾಕುವ ದಿನ ಇದೇ ಪುಸ್ತಕ ನಿಮ್ಮ ಕೈಹಿಡಿಯುತ್ತದೆ. ಬರೆಯುವಾಗ ಮಗಳನ್ನೋ ಮಗನನ್ನೋ ಪಕ್ಕದಲ್ಲಿ ಕೂರಿಸಿಕೊಳ್ಳಿ. ಕೂಡಿಸು ಕಳೆ ಲೆಕ್ಕವೂ ಬರುತ್ತದೆ, ಮನೆಯ ಅನ್ನ ಎಲ್ಲಿಂದ ಬರುತ್ತದೆಂದೂ ತಿಳಿಯುತ್ತದೆ.

ಅವರು ನೋಡುತ್ತಿದ್ದಾರೆ

ಸಾಲ ಕೇಳುವವನ ಕರೆ ಬರುತ್ತದೆ. ತಂದೆ ಫೋನನ್ನು ಮಗುವಿನ ಕೈಗಿತ್ತು, ಅಬ್ಬ ಮನೆಯಲ್ಲಿಲ್ಲ ಎಂದು ಹೇಳು ಎನ್ನುತ್ತಾನೆ. ಮಗು ಅಬ್ಬನ ಮುಖ ನೋಡುತ್ತಲೇ ಅಬ್ಬ ಇಲ್ಲ ಎನ್ನುತ್ತದೆ. ಆ ಒಂದು ಗಳಿಗೆಯಲ್ಲಿ ಕಲಿತ ಪಾಠವನ್ನು ಮದ್ರಸದ ಐದು ವರ್ಷ ಅಳಿಸಲಾರದು. ಅಬ್ದುಲ್ಲಾ ಬಿನ್ ಆಮಿರ್(ರ) ಎಂಬ ಸಹಾಬಿ ಬಾಲಕನಾಗಿದ್ದಾಗ, ಬಾ, ಕೊಡುತ್ತೇನೆ ಎಂದು ತಾಯಿ ಕರೆದರು. ಏನು ಕೊಡಲಿದ್ದೆ ಎಂದು ಅಲ್ಲಿದ್ದ ಪ್ರವಾದಿಯವರು(ಸ) ಕೇಳಿದರು. ಖರ್ಜೂರ ಎಂದರು ತಾಯಿ. ಏನನ್ನೂ ಕೊಡದಿರುತ್ತಿದ್ದರೆ ಒಂದು ಸುಳ್ಳು ನಿನ್ನ ಮೇಲೆ ದಾಖಲಾಗುತ್ತಿತ್ತು ಎಂದು ಪ್ರವಾದಿಯವರು(ಸ) ಎಚ್ಚರಿಸಿದರೆಂದು ಅಬೂದಾವೂದ್‌ನಲ್ಲಿದೆ. ಮಗುವಿಗೆ ಹೇಳಿದ ಸುಳ್ಳಿಗೇ ಇಷ್ಟಾದರೆ, ಮಗುವಿನಿಂದ ಹೇಳಿಸಿದ ಸುಳ್ಳಿಗೆ? ಫೋನನ್ನು ನೀವೇ ಎತ್ತಿ, ಈ ವಾರ ಆಗಲಿಲ್ಲ, ಮುಂದಿನ ವಾರ ಇಷ್ಟು ಕೊಡುತ್ತೇನೆ ಎನ್ನಿ. ಮಗು ಅದನ್ನೂ ಕೇಳಿಸಿಕೊಳ್ಳುತ್ತದೆ.

ಸರಕಿನ ಚಿತ್ರ ಹಾಕುವಾಗಲೂ ಮಗು ನೋಡುತ್ತಿರುತ್ತದೆ. ಧಾನ್ಯದ ರಾಶಿಯೊಳಗೆ ಪ್ರವಾದಿಯವರು(ಸ) ಕೈಹಾಕಿದಾಗ ಒಳಗೆ ಒದ್ದೆಯಿತ್ತು. ಮಳೆಗೆ ನೆನೆಯಿತು ಎಂದ ವ್ಯಾಪಾರಿಗೆ, ಜನರಿಗೆ ಕಾಣುವಂತೆ ಅದನ್ನು ಮೇಲೆ ಇಡಬಾರದಿತ್ತೇ ಎಂದು ಕೇಳಿದರು. ವಂಚಿಸುವವನು ನಮ್ಮವನಲ್ಲ ಎಂದೂ ಸ್ಪಷ್ಟಪಡಿಸಿದರು. ಮುಸ್ಲಿಮ್ ಗ್ರಂಥದ ವರದಿಯಿದು. ವಾಟ್ಸ್ಆ್ಯಪ್ ಸ್ಟೇಟಸ್ಸಿನಲ್ಲಿ ಬಣ್ಣ ಹೆಚ್ಚಿಸಿದ ಬಟ್ಟೆ, ಬೇರೆಲ್ಲಿಂದಲೋ ತೆಗೆದ ಕೇಕಿನ ಚಿತ್ರ ಹಾಕುವುದು ಒಣ ಧಾನ್ಯವನ್ನು ಮೇಲೆ ಹರಡಿದಂತೆಯೇ. ನಿಮ್ಮದೇ ಸರಕಿನ ಚಿತ್ರ ಹಾಕಿ, ಕೊರತೆಯಿದ್ದರೆ ಬರೆದು ತಿಳಿಸಿ.

ಈ ತಿಂಗಳು ಮಾಡಿ ನೋಡಿ

ಓದಿ ಮಡಚಿಡುವುದಕ್ಕಾಗಿ ಈ ಪಾಠವಲ್ಲ. ಮನೆಮಂದಿ ಒಟ್ಟಾಗಿ ಕುಳಿತು ಈ ಐದು ವಿಷಯಗಳನ್ನು ತೀರ್ಮಾನಿಸಿ:

1. ನಮ್ಮ ಮನೆಯಲ್ಲಿ ಫೋನು ಕಪಾಟಿನ ಮೇಲಿರುವ ಮೂರು ಹೊತ್ತುಗಳು ಯಾವುವು? ಒಂದು ಹೊತ್ತು ಊಟದ್ದಾಗಿರಲಿ. ನಿಯಮ ದೊಡ್ಡವರಿಗೂ ಅನ್ವಯಿಸಲಿ.

2. ಅಂಗಡಿಯ ಸಂಖ್ಯೆ ಯಾವುದು, ಮನೆಯ ಸಂಖ್ಯೆ ಯಾವುದು? ಅಂಗಡಿ ಮುಚ್ಚಿದ ಮೇಲೆ ಹೋಗಬೇಕಾದ ಉತ್ತರವನ್ನು ಇಂದೇ ಬರೆದಿಡಿ.

3. ಹಣದ ಆ್ಯಪ್ ಮತ್ತು ಗಿರಾಕಿಗಳ ಸಂದೇಶಗಳಿಗೆ ಬೀಗ ಇದೆಯೇ? ಪಿನ್ ಯಾರಿಗೆಲ್ಲ ಗೊತ್ತಿದೆ?

4. ಅಂಗಡಿಯ ಖಾತೆ ಮತ್ತು ಮನೆಯ ಖಾತೆ ಬೇರೆಯಾಗಿವೆಯೇ? ಲೆಕ್ಕದ ಪುಸ್ತಕವನ್ನು ಕೊನೆಯ ಸಲ ಬರೆದದ್ದು ಯಾವಾಗ?

5. ಫೋನಿನಲ್ಲಿ ಏನಾದರೂ ತಪ್ಪಾದರೆ ಹೆದರದೆ ಬಂದು ಹೇಳಬಹುದೆಂದು ಮಕ್ಕಳಿಗೆ ನಾವು ಹೇಳಿದ್ದೇವೆಯೇ?

ಐದನ್ನೂ ಒಂದೇ ದಿನ ಮಾಡಲು ಹೋಗಿ ಕೈಬಿಡಬೇಡಿ. ವಾರಕ್ಕೆ ಒಂದಾದರೂ ಸಾಕು. ಅಲ್ಲಾಹನಿಗೆ ಅತ್ಯಂತ ಪ್ರಿಯವಾದ ಕರ್ಮ, ಅಲ್ಪವಾದರೂ ಬಿಡದೆ ಮಾಡುವ ಕರ್ಮವೆಂದು ಪ್ರವಾದಿಯವರು(ಸ) ತಿಳಿಸಿದ್ದಾರೆ.

ನಿಮ್ಮಲ್ಲಿ ಪ್ರತಿಯೊಬ್ಬನೂ ಮೇಲ್ವಿಚಾರಕ, ತನ್ನ ವಶದಲ್ಲಿರುವವರ ಬಗ್ಗೆ ಪ್ರಶ್ನಿಸಲ್ಪಡುವನು ಎಂಬ ಪ್ರಸಿದ್ಧ ಹದೀಸಿನ ಆಶಯವನ್ನು ನಾವೆಲ್ಲ ಬಲ್ಲೆವು. ಅಲ್ಲಿ ಪ್ರಶ್ನೆ ಕೇಳುವಾಗ ಅಂಗಡಿಯ ಲೆಕ್ಕವೂ ಇರುತ್ತದೆ, ಮನೆಯ ಲೆಕ್ಕವೂ ಇರುತ್ತದೆ. ಒಂದನ್ನು ತೋರಿಸಿ ಇನ್ನೊಂದನ್ನು ಮನ್ನಾ ಮಾಡಿಸಿಕೊಳ್ಳುವಂತಿಲ್ಲ. ಎರಡನ್ನೂ ಸರಿಯಾಗಿ ಸಲ್ಲಿಸುವ ಸಾಮರ್ಥ್ಯವನ್ನು ಅಲ್ಲಾಹನು ನಮಗೂ ನಿಮಗೂ ಕರುಣಿಸಲಿ. ನಮ್ಮ ದುಡಿಮೆಯಲ್ಲಿ ಬರಕತ್ತನ್ನೂ ಮಕ್ಕಳಲ್ಲಿ ಕಣ್ತಂಪನ್ನೂ ದಯಪಾಲಿಸಲಿ. ಆಮೀನ್.